ಮಿಕ್ಸರ್ ಒಳಗೆ ಹಾಡುಗಳು ಸೇರೋ ಜಾಗ: ಮನೇಲೇ ಸ್ಟೀರಿಯೋ ಆಡಿಯೋ ಮಿಕ್ಸರ್ ಮಾಡೋರಿಗೆ ಸರ್ಕ್ಯೂಟ್ ಕಥೆ

ಭಜನೆ ನಡೆಯೋ ಮನೆಗಳಲ್ಲಿ ಈಗ ಏನಾಗಿದೆ ಅಂದ್ರೆ, ಹಾಡೋರಿಗೆ ಒಂದು ಮೈಕು, ಹಾರ್ಮೋನಿಯಮ್‌ಗೆ ಒಂದು, ತಂಬೂರಿ ಮೊಬೈಲ್ ಆಪಲ್ಲಿ, ಕೊನೇಲಿ ಮಂಗಳಾರತಿಗೆ ಯಾರೋ ಲ್ಯಾಪ್‌ಟಾಪಿಂದ ಹಾಡು ಹಾಕ್ತಾರೆ, ಆದ್ರೆ ಆಂಪ್ಲಿಫೈಯರ್ ಹಿಂದೆ ಇರೋದು ಒಂದೇ ಆಕ್ಸ್ ಇನ್‌ಪುಟ್. ಆಗ ಎಲ್ರೂ ಮಾಡೋದು ವೈ ಕೇಬಲ್, ಅಂದ್ರೆ ಎರಡು ಜ್ಯಾಕ್ ಒಂದಾಗೋ ಕೇಬಲ್ ತಂದು ಮೊಬೈಲು ಲ್ಯಾಪ್‌ಟಾಪು ಎರಡನ್ನೂ ಒಂದೇ ಕಡೆ ಚುಚ್ಚೋದು. ನಾನೂ ಮಾಡಿದ್ದೆ. ಸೌಂಡ್ ಬಂತು, ಆದ್ರೆ ಅರ್ಧಕ್ಕರ್ಧ ಕಮ್ಮಿ ಆಗಿ, ಒಡೆದು ಒಡೆದು ಬಂತು, ಒಂದು ಜ್ಯಾಕ್ ಕಿತ್ರೆ ಇನ್ನೊಂದು ತಕ್ಷಣ ಜೋರಾಗ್ತಿತ್ತು.

ಕಾರಣ ಸರಳ. ಮೊಬೈಲಿನ ಹೆಡ್‌ಫೋನ್ ಔಟ್‌ಪುಟ್ ಒಳಗಿನ ರೆಸಿಸ್ಟೆನ್ಸ್ ಕೆಲವೇ ಓಮ್, ಲ್ಯಾಪ್‌ಟಾಪಿಂದೂ ಹೆಚ್ಚುಕಮ್ಮಿ ಅಷ್ಟೆ. ಎರಡನ್ನೂ ನೇರ ಸೇರಿಸಿದ್ರೆ ಮೊಬೈಲ್ ಕಳಿಸಿದ ಕರೆಂಟ್ ಆಂಪ್ಲಿಫೈಯರ್ ಕಡೆ ಹೋಗೋ ಬದಲು ಲ್ಯಾಪ್‌ಟಾಪಿನ ಔಟ್‌ಪುಟ್ ಒಳಗೆ ಹೋಗತ್ತೆ, ಯಾಕಂದ್ರೆ ಅಲ್ಲಿ ದಾರಿ ಸಲೀಸು. ಲ್ಯಾಪ್‌ಟಾಪಿಂದು ಮೊಬೈಲ್ ಒಳಗೆ. ಇಬ್ರೂ ಒಬ್ರನ್ನೊಬ್ರು ತಳ್ಕೊಂಡು ನಿಂತಿರ್ತಾರೆ, ಕೇಳೋರಿಗೆ ಉಳಿದಿದ್ದು ಸಿಗತ್ತೆ.

ಈ ಲೇಖನದಲ್ಲಿ ನಾಲ್ಕು ಮೋನೋ ಚಾನೆಲ್ಲು ಮತ್ತೆ ಒಂದು ಸ್ಟೀರಿಯೋ ಚಾನೆಲ್ ಇರೋ ಒಂದು ಸಣ್ಣ ಮಿಕ್ಸರ್‌ನ ಹಂತ ಹಂತವಾಗಿ ಬಿಡಿಸಿ ಹೇಳ್ತೀನಿ. ಬೆಲೆಗಳನ್ನ, ಅಂದ್ರೆ ಯಾವ ರೆಸಿಸ್ಟರ್ ಎಷ್ಟು ಓಮ್, ಯಾವ ಕೆಪಾಸಿಟರ್ ಎಷ್ಟು ಫ್ಯಾರಡ್ ಅನ್ನೋದನ್ನ, ಸುಮ್ನೆ ಕಾಪಿ ಮಾಡಿ ಬೆಸುಗೆ ಹಾಕ್ಬೋದು, ಆದ್ರೆ ಯಾವ ರೆಸಿಸ್ಟರ್ ಯಾಕೆ ಅಲ್ಲಿದೆ ಅಂತ ಗೊತ್ತಿಲ್ದೆ ಇದ್ರೆ ಮೊದಲನೇ ಸಲ ಗುಂಯ್ ಅಂದಾಗ ಎಲ್ಲಿ ಕೈ ಹಾಕ್ಬೇಕು ಅಂತ ತಿಳಿಯಲ್ಲ.

ಮೊದಲು ರೆಸಿಸ್ಟರ್ ಮಾತ್ರ ಹಾಕಿ ನೋಡೋಣ

ವೈ ಕೇಬಲ್ ಜಗಳ ಬಿಡಿಸೋಕೆ ಪ್ರತಿ ಸಿಗ್ನಲ್ ದಾರೀಲೂ ಒಂದೊಂದು 10ಕೆ (10 ಸಾವಿರ ಓಮ್) ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿದ್ರೆ ಆಯ್ತು. ಈಗ ಮೊಬೈಲ್ ಕರೆಂಟ್ ಲ್ಯಾಪ್‌ಟಾಪಿಗೆ ಹೋಗ್ಬೇಕಂದ್ರೆ ಎರಡು 10ಕೆ ದಾಟ್ಬೇಕು, ಒಡೆಯೋದು ನಿಲ್ಲತ್ತೆ. ಇದಕ್ಕೆ ಪ್ಯಾಸಿವ್ ಮಿಕ್ಸರ್ ಅಂತಾರೆ, ಕರೆಂಟೇ ಬೇಡ, ನಿಜ ಹೇಳ್ಬೇಕಂದ್ರೆ ಎರಡೇ ಸಿಗ್ನಲ್ ಇದ್ರೆ ಇಷ್ಟೇ ಸಾಕು, ಮುಂದೆ ಓದೋದೇ ಬೇಡ.

ತೊಂದ್ರೆ ಇರೋದು ಎರಡು. ಒಂದು, ಎರಡು ಚಾನೆಲ್ ಸೇರಿಸಿದ್ರೆ ಪ್ರತಿಯೊಂದೂ ಅರ್ಧ ಆಗತ್ತೆ, ಅಂದ್ರೆ 6 ಡೆಸಿಬೆಲ್ ಕಮ್ಮಿ, ನಾಲ್ಕು ಸೇರಿಸಿದ್ರೆ ಕಾಲು ಭಾಗ, 12 ಡೆಸಿಬೆಲ್ ಕಮ್ಮಿ. ಎರಡನೇದು, ನಾಲ್ಕು ಇದ್ದದ್ದರಲ್ಲಿ ಒಂದನ್ನ ಕಿತ್ತು ಹಾಕಿದ್ರೆ ಉಳಿದ ಮೂರರ ಸೌಂಡ್ ಏರತ್ತೆ, ಚುಚ್ಚಿದ್ರೆ ಇಳಿಯತ್ತೆ. ಇನ್ನು ಕೆಲವರು ರೆಸಿಸ್ಟರ್ ಕೂಡ ಬೇಡ ಅಂತ ವಾಲ್ಯೂಮ್ ಪಾಟ್‌ಗಳ (ತಿರುಗಿಸಿ ಬದಲಾಯಿಸೋ ಮೂರು ಕಾಲಿನ ರೆಸಿಸ್ಟರ್) ನಡುವಿನ ಕಾಲುಗಳನ್ನೇ ಒಟ್ಟಿಗೆ ಸೇರಿಸ್ತಾರೆ, ಆಗಂತೂ ಒಂದು ಪಾಟ್ ಸೊನ್ನೆಗೆ ತಿರುಗಿಸಿದ್ರೆ ಅದು ಗ್ರೌಂಡಿಗೆ, ಅಂದ್ರೆ ಸರ್ಕ್ಯೂಟಿನ ಸೊನ್ನೆ ವೋಲ್ಟ್ ವೈರಿಗೆ ಶಾರ್ಟ್, ಇಡೀ ಮಿಕ್ಸರ್ ಸೈಲೆಂಟ್.

ಕೆರೆ ಮತ್ತೆ ಕೋಡಿ

ಇಲ್ಲೇ ಆಪ್‌ಆಂಪ್, ಅಂದ್ರೆ ಐಸಿ ರೂಪದಲ್ಲಿ ಸಿಗೋ ಪುಟ್ಟ ಆಂಪ್ಲಿಫೈಯರ್ ಬರೋದು. ಇಡೀ ಮಿಕ್ಸರಲ್ಲಿ ಅರ್ಥ ಮಾಡ್ಕೊಳ್ಳೋ ವಿಷ್ಯ ಒಂದೇ ಇದ್ರೆ ಅದು ಇದೇ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಒಂದು ಕೆರೆ ತುಂಬಿ ಕೋಡಿ ಬಿದ್ದಿದೆ ಅಂದ್ಕೊಳ್ಳಿ. ನಾಲ್ಕು ಕಡೆಯಿಂದ ಕಾಲುವೆ ನೀರು ಬರ್ತಿದೆ, ಕೆರೆ ಮಟ್ಟ ಮಾತ್ರ ಏರಲ್ಲ, ಎಷ್ಟು ಒಳಗೆ ಬಂತೋ ಅಷ್ಟೂ ಕೋಡಿ ಮೇಲೆ ಹೊರಗೆ ಹೋಗತ್ತೆ. ಮಟ್ಟ ಏರಲ್ಲ ಅನ್ನೋದಕ್ಕೇ ಒಂದು ಕಾಲುವೆ ನೀರು ಇನ್ನೊಂದು ಕಾಲುವೆಗೆ ಹಿಂದಕ್ಕೆ ನುಗ್ಗಲ್ಲ. ಮತ್ತೆ ಕೋಡಿ ಹತ್ರ ನಿಂತು ನೋಡಿದ್ರೆ ಎಲ್ಲಾ ಕಾಲುವೆಯ ಒಟ್ಟು ನೀರು ಎಷ್ಟು ಅಂತ ಗೊತ್ತಾಗತ್ತೆ.

ಆಪ್‌ಆಂಪಲ್ಲಿ ಎರಡು ಇನ್‌ಪುಟ್ ಇರತ್ತೆ, ಪ್ಲಸ್ಸು ಮೈನಸ್ಸು. ಪ್ಲಸ್ಸನ್ನ ಗ್ರೌಂಡಿಗೆ ಹಾಕಿ, ಔಟ್‌ಪುಟ್ಟಿಂದ ಮೈನಸ್ಸಿಗೆ ಒಂದು ಫೀಡ್‌ಬ್ಯಾಕ್ ರೆಸಿಸ್ಟರ್ ಹಾಕಿ. ಆಪ್‌ಆಂಪಿನ ಸ್ವಭಾವ ಅಂದ್ರೆ ಎರಡು ಇನ್‌ಪುಟ್ ನಡುವೆ ಚೂರು ವ್ಯತ್ಯಾಸ ಕಂಡ್ರೂ ಔಟ್‌ಪುಟ್ಟನ್ನ ಸಾವಿರಗಟ್ಟಲೆ ಪಟ್ಟು ಅಲ್ಲಾಡಿಸಿ ಅದನ್ನ ಸರಿಮಾಡೋದು. ಹಂಗಾಗಿ ಮೈನಸ್ ಕಾಲು ಗ್ರೌಂಡಿಗೆ ತಾಗಿರದಿದ್ರೂ ಯಾವಾಗ್ಲೂ ಸೊನ್ನೆ ವೋಲ್ಟಲ್ಲೇ ನಿಂತಿರತ್ತೆ, ಇದನ್ನೇ ವರ್ಚುವಲ್ ಅರ್ತ್ ಅನ್ನೋದು. ಈಗ ನಾಲ್ಕು ಚಾನೆಲ್ಲಿನ ರೆಸಿಸ್ಟರ್‌ಗಳನ್ನ ಆ ಮೈನಸ್ ಕಾಲಿಗೆ ತಂದು ಸೇರಿಸಿ. ಪ್ರತಿ ಚಾನೆಲ್ಲಿಗೂ ತನ್ನ ರೆಸಿಸ್ಟರ್ ಆಚೆ ತುದೀಲಿ ಕಾಣೋದು ಸೊನ್ನೆ ವೋಲ್ಟ್, ಪಕ್ಕದವನು ಇದಾನೋ ಇಲ್ವೋ ಅದಕ್ಕೆ ಗೊತ್ತೇ ಆಗಲ್ಲ. ಬಂದ ಕರೆಂಟೆಲ್ಲ ಐಸಿ ಒಳಗೆ ಹೋಗೋಕೆ ಆಗಲ್ಲ, ಫೀಡ್‌ಬ್ಯಾಕ್ ರೆಸಿಸ್ಟರ್ ಮೇಲೇ ಹಾದು ಹೋಗ್ಬೇಕು, ಅದೇ ಕೋಡಿ. ಔಟ್‌ಪುಟ್ ವೋಲ್ಟೇಜ್ ಅಂದ್ರೆ ಆ ಒಟ್ಟು ಕರೆಂಟ್ ಗುಣಿಸು ಫೀಡ್‌ಬ್ಯಾಕ್ ರೆಸಿಸ್ಟರ್, ಚಿಹ್ನೆ ಮಾತ್ರ ಉಲ್ಟಾ. ಪ್ರತಿ ಚಾನೆಲ್ಲಿನ ಗೇನ್, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ಆಗತ್ತೆ ಅನ್ನೋದು ಬೇಕಂದ್ರೆ ಫೀಡ್‌ಬ್ಯಾಕ್ ರೆಸಿಸ್ಟರನ್ನ ಆ ಚಾನೆಲ್ಲಿನ ರೆಸಿಸ್ಟರಿಂದ ಭಾಗಿಸಿ, ಮುಗೀತು. ಕರೆಂಟ್‌ಗಳು ಒಂದು ಗಂಟಲ್ಲಿ ಸುಮ್ನೆ ಕೂಡ್ಕೊಳ್ತವೆ ಅನ್ನೋದು ಕಿರ್ಚಾಫ್ 1845ರಲ್ಲೇ ಹೇಳಿದ್ದು, ಮಿಕ್ಸರ್ ಅದರ ಮೇಲೇ ನಿಂತಿದೆ.

ಸ್ಟೀರಿಯೋ ಅಂದ್ರೆ ಇಂಥ ಕೆರೆ ಎರಡು, ಎಡಕ್ಕೊಂದು ಬಲಕ್ಕೊಂದು. ಉಳಿದ ಸರ್ಕ್ಯೂಟ್ ಎಲ್ಲಾ ಈ ಎರಡು ಕೆರೆಗೆ ಎಷ್ಟೆಷ್ಟು ನೀರು ಬಿಡ್ಬೇಕು ಅನ್ನೋ ತೂಬಿನ ಕೆಲಸ.

ಐಸಿ ಯಾವ್ದು ತರೋದು

ಎನ್‌ಇ5532 ತನ್ನಿ. ಒಂದು ಐಸೀಲಿ ಎರಡು ಆಪ್‌ಆಂಪ್ ಇರತ್ತೆ, 8 ಕಾಲು, 1 ಮತ್ತು 7 ಔಟ್‌ಪುಟ್, 2 ಮತ್ತು 6 ಮೈನಸ್, 3 ಮತ್ತು 5 ಪ್ಲಸ್, 8ಕ್ಕೆ ಪಾಸಿಟಿವ್ ಸಪ್ಲೈ, 4ಕ್ಕೆ ನೆಗೆಟಿವ್. ಟಿಎಲ್072 ಕೂಡ ಇದೇ ಕಾಲುಗಳ ಲೆಕ್ಕ, ಸಾಕೆಟ್ ಹಾಕಿದ್ರೆ ಬದಲಾಯಿಸಿ ನೋಡ್ಬೋದು. 5532ರ ಸ್ವಂತ ಸದ್ದು (ನಾಯ್ಸ್) 072ಕ್ಕಿಂತ ಸುಮಾರು ಮೂರುವರೆ ಪಟ್ಟು ಕಮ್ಮಿ, ಆದ್ರೆ ಕರೆಂಟ್ ಜಾಸ್ತಿ ಕುಡಿಯತ್ತೆ, ಒಂದು ಐಸಿಗೆ 8 ಮಿಲಿಆಂಪ್ ಹತ್ರ. ಹಳೇ ಪುಸ್ತಕದಲ್ಲಿ ಬರೋ 741 ಬೇಡ, ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಅರ್ಧ ವೋಲ್ಟ್ ಮಾತ್ರ ಏರೋದು, 10 ವೋಲ್ಟ್ ಪೀಕ್ ಸಿಗ್ನಲ್ ಕೊಟ್ರೆ 8 ಕಿಲೋಹರ್ಟ್ಜ್ ದಾಟಿದ್ಮೇಲೆ ಅಲೆ ತ್ರಿಕೋನ ಆಗೋಕೆ ಶುರು. 358 ಕೂಡ ಸಿಗ್ನಲ್ ಸೊನ್ನೆ ದಾಟೋವಾಗ ಕೆರಕೆರ ಅನ್ನತ್ತೆ, ಹಾಡಿಗೆ ಅಲ್ಲ ಅದು.

ಡೂಪ್ಲಿಕೇಟ್ ಐಸಿ ವಿಚಾರ ಒಂದು ಮಾತು. ಬೆಂಗಳೂರಿನ ಎಸ್‌ಪಿ ರೋಡಾಗ್ಲಿ ಮುಂಬೈ ಲ್ಯಾಮಿಂಗ್ಟನ್ ರೋಡಾಗ್ಲಿ, ಎಲ್ಲಿ ತಂದ್ರೂ ಮೇಲೆ 5532 ಅಂತ ಬರೆದಿದ್ದ ಮಾತ್ರಕ್ಕೆ ಒಳಗೆ ಅದೇ ಇರತ್ತೆ ಅಂತಿಲ್ಲ. ಸಾಕೆಟ್ಟಿಗೆ ಹಾಕಿ ಸಪ್ಲೈ ದಾರೀಲಿ ಮಲ್ಟಿಮೀಟರ್ ಇಟ್ಟು ಕರೆಂಟ್ ನೋಡಿ, 8ರ ಬದಲು ಬರೀ 3 ಮಿಲಿಆಂಪ್ ತೋರಿಸಿದ್ರೆ ಅದು ಬೇರೆ ಯಾವ್ದೋ ಅಗ್ಗದ ಐಸಿಗೆ ಹೆಸರು ಬಳಿದಿರೋದು ಅನ್ನೋ ಅನುಮಾನ ಇಟ್ಕೊಳ್ಳಿ.

ಹಂತ 1: ಪವರ್ ಸಪ್ಲೈ

ಮೊದಲನೇ ಸಲ ಮಾಡೋರು ಎರಡು 9 ವೋಲ್ಟ್ ಬ್ಯಾಟರಿ ತಗೊಳ್ಳಿ, ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸು ಸೇರಿಸಿದ ಜಾಗ ಗ್ರೌಂಡ್, ಎರಡು ತುದಿ ಪ್ಲಸ್ 9 ಮತ್ತು ಮೈನಸ್ 9. 230 ವೋಲ್ಟ್ ಹತ್ರ ಕೈ ಹೋಗಲ್ಲ, ಗುಂಯ್ ಅನ್ನಲ್ಲ, ಸರ್ಕ್ಯೂಟಲ್ಲಿ ತಪ್ಪಿದ್ರೆ ಅದು ಸರ್ಕ್ಯೂಟಿಂದೇ ಅಂತ ಗೊತ್ತಾಗತ್ತೆ. ಎಲ್ಲಾ ಸರಿ ಆದ್ಮೇಲೆ ಟ್ರಾನ್ಸ್‌ಫಾರ್ಮರ್ ಕಡೆ ಬನ್ನಿ.

ಟ್ರಾನ್ಸ್‌ಫಾರ್ಮರ್ ಅಂದ ತಕ್ಷಣ ಅಂಗಡಿಯವರು 12-0-12 (ನಡುವೆ ಸೊನ್ನೆ, ಎರಡೂ ಕಡೆ 12 ವೋಲ್ಟ್) ಕೊಡ್ತಾರೆ. 7812 ಮತ್ತೆ 7912 ರೆಗ್ಯುಲೇಟರ್ (ವೋಲ್ಟೇಜನ್ನ ಒಂದೇ ಸಮ ಇಡೋ ಐಸಿ) ಹಾಕಿ ಪ್ಲಸ್ ಮೈನಸ್ 12 ಮಾಡೋದಾದ್ರೆ ಕಾಗದದ ಮೇಲೆ ಅದು ಸಾಕು, 12 ವೋಲ್ಟಿನ ಪೀಕ್ 17, ಡಯೋಡ್‌ಗೆ ಒಂದು ವೋಲ್ಟ್ ಹೋಗಿ 16. ಆದ್ರೆ ನಮ್ಮ ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜ್ 190ಕ್ಕೆ ಇಳಿದ್ರೆ ಅದೇ ಲೆಕ್ಕ 13 ಆಗತ್ತೆ, 7812ಗೆ ಔಟ್‌ಪುಟ್‌ಗಿಂತ 2 ವೋಲ್ಟಾದ್ರೂ ಜಾಸ್ತಿ ಬೇಕು, ಸಿಗಲ್ಲ, ಆಗ ರೆಗ್ಯುಲೇಟರ್ ಕೈ ಚೆಲ್ಲತ್ತೆ, ಸ್ಪೀಕರಲ್ಲಿ 100 ಹರ್ಟ್ಜ್ ಗುಂಯ್ ಶುರು. ಅದಕ್ಕೇ 15-0-15, 500 ಮಿಲಿಆಂಪ್ ತನ್ನಿ. 190ರಲ್ಲೂ 16 ವೋಲ್ಟ್ ಮೇಲೆ ಉಳಿಯತ್ತೆ. ಬ್ರಿಡ್ಜ್ (ನಾಲ್ಕು ಡಯೋಡಿನ ಜೋಡಣೆ) ಆದ್ಮೇಲೆ ಎರಡೂ ಕಡೆ 2200 ಮೈಕ್ರೋಫ್ಯಾರಡ್ 35 ವೋಲ್ಟ್, ಅಂಗಡೀಲಿ ಎಂಎಫ್‌ಡಿ ಅಂತ ಕೇಳಿ. ನಮ್ಮ ಮಿಕ್ಸರ್ ಎಲ್ಲಾ ಸೇರಿ 100 ಮಿಲಿಆಂಪ್ ಎಳೆದ್ರೂ ಅಷ್ಟು ಕೆಪಾಸಿಟರಲ್ಲಿ ಅಲುಗಾಟ ಅರ್ಧ ವೋಲ್ಟ್ ಒಳಗೇ, ಅದನ್ನ ರೆಗ್ಯುಲೇಟರ್ ನುಂಗಿ ಹಾಕತ್ತೆ. ಪ್ರೈಮರೀಲಿ ಫ್ಯೂಸ್ ಇರ್ಲಿ, ತಗಡಿನ ಡಬ್ಬ ಆದ್ರೆ ಮೂರನೇ ಪಿನ್ನಿನ ಅರ್ತ್ ವೈರನ್ನ ಡಬ್ಬಕ್ಕೆ ಗಟ್ಟಿಯಾಗಿ ಬೋಲ್ಟ್ ಮಾಡಿ, ಇದರಲ್ಲಿ ಚೌಕಾಸಿ ಬೇಡ.

ಒಂದು ಗುಂಡಿ ಇದೆ ಇಲ್ಲಿ, ನಾನು ಬಿದ್ದಿದೀನಿ. 7812ಗೆ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ಗೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅಷ್ಟೇ ಅಲ್ಲ, 7812ರ ಲೋಹದ ಬೆನ್ನು ಗ್ರೌಂಡು, 7912ರ ಬೆನ್ನು ಮೈನಸ್ ಇನ್‌ಪುಟ್ಟು. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಮೈಕಾ (ಕರೆಂಟ್ ಬಿಡದ ತೆಳು ಹಾಳೆ) ಇಲ್ದೆ ತಿರುಪಿದ್ರೆ ನೇರ ಶಾರ್ಟ್. ನಾನು ಡಬ್ಬಕ್ಕೇ ತಿರುಪಿದ್ದೆ, ಫ್ಯೂಸ್ ಹೋದಾಗ ಟ್ರಾನ್ಸ್‌ಫಾರ್ಮರ್ ಸರಿ ಇಲ್ಲ ಅಂತ ಅದನ್ನ ಬೈದಿದ್ದೂ ಆಯ್ತು.

ಹಂತ 2: ಒಂದು ಚಾನೆಲ್, ಪೂರ್ತಿ

ನಾಲ್ಕು ಚಾನೆಲ್ ಒಟ್ಟಿಗೆ ಕಟ್ಟೋಕೆ ಹೋಗ್ಬೇಡಿ. ಒಂದು ಕಟ್ಟಿ, ಅದರಲ್ಲಿ ಹಾಡು ಕೇಳಿ, ಆಮೇಲೆ ಮಿಕ್ಕ ಮೂರು ಕಣ್ಣು ಮುಚ್ಕೊಂಡು ಮಾಡ್ಬೋದು.

ಜ್ಯಾಕಿಂದ ಬಂದ ಸಿಗ್ನಲ್ ಮೊದಲು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟ್ಬೇಕು. ಆಚೆ ಯಂತ್ರದಲ್ಲಿ ಡಿಸಿ ವೋಲ್ಟೇಜ್ ಇದ್ರೆ ಅದು ಇಲ್ಲೇ ನಿಲ್ಲತ್ತೆ. ಆಮೇಲೆ 47ಕೆ ಗ್ರೌಂಡಿಗೆ, ನಂತರ ಐಸಿಯ ಪ್ಲಸ್ ಕಾಲಿಗೆ. ಈ ಕೆಪಾಸಿಟರ್ ರೆಸಿಸ್ಟರ್ ಜೋಡಿ ಎಷ್ಟು ಹರ್ಟ್ಜಿಂದ ಕೆಳಗೆ ತಡೆಯತ್ತೆ ಅಂತ ಲೆಕ್ಕ ಮಾಡೋದು 1 ಭಾಗಿಸು 6.28 ಗುಣಿಸು ಆರ್ ಗುಣಿಸು ಸಿ. ನಮ್ಮದು 3.4 ಹರ್ಟ್ಜ್ ಬರತ್ತೆ, ಮೃದಂಗದ ತೊಪ್ಪಿಗೂ ತೊಂದ್ರೆ ಇಲ್ಲ. ಡಬ್ಬದಲ್ಲಿ ಬಿದ್ದಿತ್ತು ಅಂತ 104 ಅಂದ್ರೆ 0.1 ಹಾಕಿದ್ರೆ 34 ಹರ್ಟ್ಜ್, ಜೊತೆಗೆ 47ಕೆ ಬದಲು 10ಕೆ ಹಾಕಿದ್ರಂತೂ 160 ಹರ್ಟ್ಜ್, ಸೌಂಡ್ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಥರ ಪೀಚಲು.

ಆ 47ಕೆ ಬರೀ ಫಿಲ್ಟರ್‌ಗಲ್ಲ. ಐಸಿಯ ಇನ್‌ಪುಟ್ ಕಾಲಿಗೆ ಚೂರೇ ಚೂರು ಡಿಸಿ ಕರೆಂಟ್ ಬೇಕು, 5532ಗೆ ಸಾಮಾನ್ಯವಾಗಿ 200 ನ್ಯಾನೋಆಂಪ್. ಕೆಪಾಸಿಟರ್ ಡಿಸಿ ಬಿಡಲ್ಲ, 47ಕೆ ಮರೆತ್ರೆ ಆ ಕಾಲು ಅನಾಥ, ಔಟ್‌ಪುಟ್ ಹೋಗಿ ಸಪ್ಲೈ ತುದೀಲಿ ಅಂಟ್ಕೊಂಡು ಕೂರತ್ತೆ. ಚಾನೆಲ್ ಸತ್ತಿದೆ ಅಂತ ಬರೋ ದೂರುಗಳಲ್ಲಿ ಇದು ತುಂಬಾ ಸಲ ಕಾಣೋದು.

ಜ್ಯಾಕ್ ಹತ್ರಾನೇ 1ಕೆ ಸಾಲಲ್ಲಿ (ಸೀರೀಸಲ್ಲಿ), 100 ಪಿಕೋಫ್ಯಾರಡ್ ಗ್ರೌಂಡಿಗೆ ಹಾಕಿದ್ರೆ ಎಫ್‌ಎಂ, ಮೊಬೈಲು ಇವುಗಳ ರೇಡಿಯೋ ಅಲೆ ಒಳಗೆ ಬರೋದು ಕಮ್ಮಿ ಆಗತ್ತೆ. ಫೋನ್ ರಿಂಗ್ ಆಗೋ ಮುಂಚೆ ಸ್ಪೀಕರ್ ಟಿಟಿಟ್ ಟಿಟಿಟ್ ಅನ್ನತ್ತಲ್ಲ, ಅದು ಹೀಗೇ ನುಗ್ಗೋದು.

ಮೊದಲ ಆಪ್‌ಆಂಪ್ ಬರೀ ಬಫರ್, ಅಂದ್ರೆ ಸಿಗ್ನಲ್ಲನ್ನ ಇದ್ದಂಗೇ ಮುಂದಕ್ಕೆ ಕೊಟ್ಟು ಮುಂದಿನ ಭಾರ ತಾನು ಹೊರೋದು, ಔಟ್‌ಪುಟ್ಟನ್ನ ನೇರ ಮೈನಸ್ಸಿಗೆ ಸೇರಿಸಿ, ಗೇನ್ ಒಂದು. ಅದರಿಂದ 10 ಮೈಕ್ರೋಫ್ಯಾರಡ್ ಮೂಲಕ 10ಕೆ ವಾಲ್ಯೂಮ್ ಪಾಟ್. ಮತ್ತೆ ಇನ್ನೊಂದು ಕೆಪಾಸಿಟರ್ ಯಾಕೆ ಅಂದ್ರೆ ಐಸಿ ಔಟ್‌ಪುಟಲ್ಲಿ ಯಾವಾಗ್ಲೂ ಕೆಲವು ಮಿಲಿವೋಲ್ಟ್ ಡಿಸಿ ಇರತ್ತೆ, ಅದು ಪಾಟಲ್ಲಿ ಹರಿದ್ರೆ ತಿರುಗಿಸಿದಾಗೆಲ್ಲ ಕರಕರ. ಹೊಸ ಪಾಟ್ ತಂದು ಹಾಕಿದ್ರೂ ಕರಕರ ಹೋಗ್ಲಿಲ್ಲ ಅಂದ್ರೆ ಪಾಟನ್ನ ಬಿಟ್ಟು ಡಿಸಿ ಹುಡುಕಿ.

ಪಾಟ್ ಲಾಗ್ ಇರ್ಬೇಕು. ಕಿವಿ ಸೌಂಡನ್ನ ಪಟ್ಟುಗಳ ಲೆಕ್ಕದಲ್ಲಿ ಕೇಳೋದರಿಂದ ಲೀನಿಯರ್ ಪಾಟ್ ಹಾಕಿದ್ರೆ ಮೊದಲ ಕಾಲು ಸುತ್ತಲ್ಲೇ ಜೋರಾಗಿ ಆಮೇಲೆ ಏನೂ ಆಗ್ದೇ ಇರೋ ಥರ ಅನ್ಸತ್ತೆ. ಈಗ ಬರೋ ಪಾಟ್‌ಗಳ ಮೇಲೆ ಸಾಮಾನ್ಯವಾಗಿ ಎ10ಕೆ ಅಂತಿದ್ರೆ ಲಾಗ್, ಬಿ10ಕೆ ಅಂತಿದ್ರೆ ಲೀನಿಯರ್, ನಂಬಿಕೆ ಬರ್ಲಿಲ್ಲ ಅಂದ್ರೆ ಅರ್ಧಕ್ಕೆ ತಿರುಗಿಸಿ ಅಳೀರಿ, ಲೀನಿಯರ್ ಆದ್ರೆ ಸರಿಯಾಗಿ ಅರ್ಧ, ಲಾಗ್ ಆದ್ರೆ ಒಂದು ಕಡೆ ಹತ್ತು ಹದಿನೈದು ಪರ್ಸೆಂಟ್ ಅಷ್ಟೆ. ಲಾಗ್ ಸಿಗ್ಲೇ ಇಲ್ವಾ, ಲೀನಿಯರ್ 10ಕೆ ತಂದು ನಡುವಿನ ಕಾಲಿಂದ ಗ್ರೌಂಡಿಗೆ 1.5ಕೆ ಹಾಕಿ. ಅರ್ಧ ಸುತ್ತಲ್ಲಿ ಸುಮಾರು 14.5 ಡೆಸಿಬೆಲ್ ಕಮ್ಮಿ ಬರತ್ತೆ, ಲಾಗ್ ಪಾಟ್ ನಡೆಯೋ ಹಂಗೇ ನಡೆಯತ್ತೆ. ಮುಂದೆ ಬಫರ್ ಇಟ್ಟಿದ್ದರ ಲಾಭ ಇಲ್ಲಿ ಕಾಣೋದು, ಪೂರ್ತಿ ತಿರುಗಿಸಿದಾಗ ಈ ಪಾಟ್ 1.3ಕೆ ಭಾರ ಹಾಕತ್ತೆ, ಬಫರ್ ಅದನ್ನ ಹೊತ್ಕೊಳ್ಳತ್ತೆ, ಪಾಪ ಹಾರ್ಮೋನಿಯಮ್ ಪಿಕಪ್ ಹೊರ್ತಿರ್ಲಿಲ್ಲ.

ಪಾಟಿನ ನಡುಕಾಲಿಂದ ಎರಡನೇ ಆಪ್‌ಆಂಪಿನ ಪ್ಲಸ್ಸಿಗೆ. ಇಲ್ಲಿ ಔಟ್‌ಪುಟ್ಟಿಂದ ಮೈನಸ್ಸಿಗೆ 10ಕೆ, ಮೈನಸ್ಸಿಂದ ಗ್ರೌಂಡಿಗೆ 10ಕೆ, ಗೇನ್ ಎರಡು, ಅಂದ್ರೆ 6 ಡೆಸಿಬೆಲ್ ಕೈಯಲ್ಲಿ ಜಾಸ್ತಿ. ಒಂದು 5532 ಇಲ್ಲಿಗೆ ಮುಗೀತು, ಒಂದು ಚಾನೆಲ್ಲಿಗೆ ಒಂದು ಐಸಿ.

ಹಂತ 3: ಮೈಕ್ ಇದ್ರೆ

ಕೈಯಲ್ಲಿ ಹಿಡಿಯೋ ಡೈನಮಿಕ್ ಮೈಕು ಕೊಡೋದು ಒಂದೆರಡು ಮಿಲಿವೋಲ್ಟ್, ಮೊಬೈಲು ಲ್ಯಾಪ್‌ಟಾಪ್ ಥರದ್ದು ಕೊಡೋ ಲೈನ್ ಸಿಗ್ನಲ್ ಅಂದ್ರೆ 300 ಮಿಲಿವೋಲ್ಟ್ ಹತ್ರ. ಹಂಗಾಗಿ ಮೈಕ್ ಚಾನೆಲ್ಲಲ್ಲಿ ಮೊದಲ ಆಪ್‌ಆಂಪನ್ನ ಬಫರ್ ಬದಲು ನೂರು ಪಟ್ಟಿನ ಆಂಪ್ಲಿಫೈಯರ್ ಮಾಡಿ: ಔಟ್‌ಪುಟ್ಟಿಂದ ಮೈನಸ್ಸಿಗೆ 22ಕೆ, ಮೈನಸ್ಸಿಂದ 220 ಓಮ್, ಅದರ ಸಾಲಲ್ಲಿ 4.7ಕೆ ಪಾಟ್, ಆಮೇಲೆ 100 ಮೈಕ್ರೋಫ್ಯಾರಡ್, ಗ್ರೌಂಡ್. ಪಾಟ್ ಸೊನ್ನೆಗೆ ಇದ್ರೆ ಗೇನ್ 101, ಪೂರ್ತಿ ಇದ್ರೆ ಐದೂವರೆ. ಆ 100ರ ಬದಲು 10 ಮೈಕ್ರೋಫ್ಯಾರಡ್ ಹಾಕಿದ್ರೆ ಗೇನ್ ಪೂರ್ತಿ ಇಟ್ಟಾಗ 72 ಹರ್ಟ್ಜಿಂದ ಕೆಳಗಿನದ್ದು ಇಳಿದು ಹೋಗತ್ತೆ, ಮಾತಿಗೆ ಪರವಾಗಿಲ್ಲ, ತುಂಬಾ ತಗ್ಗು ಸ್ವರದ ವಾದ್ಯಕ್ಕೆ ಆಗಲ್ಲ. ಇಲ್ಲಿ ಮಾತ್ರ 072 ಬೇಡ, ನೂರು ಪಟ್ಟು ಗೇನ್ ಕೇಳಿದ್ರೆ ಅದರ ಬ್ಯಾಂಡ್‌ವಿಡ್ತ್ (ಎಷ್ಟು ಹರ್ಟ್ಜ್ ವರೆಗೆ ಸರಿಯಾಗಿ ಕೆಲಸ ಮಾಡತ್ತೆ ಅನ್ನೋದು) 30 ಕಿಲೋಹರ್ಟ್ಜಿಗೇ ನಿಲ್ಲತ್ತೆ, 5532ದು 100 ಕಿಲೋಹರ್ಟ್ಜ್.

ಸಣ್ಣ ಗುಂಡಿ ಮೈಕ್, ಅಂದ್ರೆ ಎಲೆಕ್ಟ್ರೆಟ್ ಆದ್ರೆ ಅದಕ್ಕೆ ಸಪ್ಲೈ ಬೇಕು. ಪ್ಲಸ್ 12ರಿಂದ 1ಕೆ, ಅಲ್ಲಿ 100 ಮೈಕ್ರೋಫ್ಯಾರಡ್ ಗ್ರೌಂಡಿಗೆ, ಅಲ್ಲಿಂದ 10ಕೆ ಮೂಲಕ ಮೈಕಿಗೆ. ಆ 1ಕೆ ಬಿಟ್ರೆ ಸಪ್ಲೈಯಲ್ಲಿರೋ ಸದ್ದೆಲ್ಲ ಮೈಕ್ ದಾರೀಲಿ ಒಳಗೆ ಬಂದು ನೂರು ಪಟ್ಟಾಗತ್ತೆ.

ಹಂತ 4: ಪ್ಯಾನ್, ಎಡ ಬಲ ಹಂಚೋದು

ಇದು ಈ ಮಿಕ್ಸರಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ, ಬರೀ ಒಂದು ಪಾಟು ನಾಲ್ಕು ರೆಸಿಸ್ಟರು. ಎರಡನೇ ಆಪ್‌ಆಂಪಿಂದ 10 ಮೈಕ್ರೋಫ್ಯಾರಡ್ ದಾಟಿದ್ಮೇಲೆ ಸಿಗ್ನಲ್ ಎರಡಾಗಿ ಒಡೆಯತ್ತೆ, ಒಂದು 10ಕೆ ಎಡಕ್ಕೆ, ಒಂದು 10ಕೆ ಬಲಕ್ಕೆ. ಒಂದು ಲೀನಿಯರ್ 10ಕೆ ಪಾಟಿನ ಎರಡು ತುದಿಗಳನ್ನ ಆ ಎರಡು ಜಾಗಕ್ಕೆ ಹಾಕಿ, ನಡುಕಾಲನ್ನ ಗ್ರೌಂಡಿಗೆ. ಅಲ್ಲಿಂದ ಎಡದ ತುದಿ 22ಕೆ ಮೂಲಕ ಎಡ ಕೆರೆಗೆ, ಬಲದ ತುದಿ 22ಕೆ ಮೂಲಕ ಬಲ ಕೆರೆಗೆ. ಪಾಟ್ ಪೂರ್ತಿ ಒಂದು ಕಡೆ ತಿರುಗಿಸಿದ್ರೆ ಒಂದು ತುದಿ ಗ್ರೌಂಡಿಗೆ ಶಾರ್ಟ್, ಆ ಕಡೆ ಸೌಂಡ್ ಇಲ್ಲ.

ಈಗ ನೋಡಿ, ನಡುವಲ್ಲಿ ಇಟ್ಟಾಗ ಎರಡೂ ಕಡೆ ಎಷ್ಟಿರ್ಬೇಕು? ಪೂರ್ತಿ ಒಂದು ಕಡೆ ಇದ್ದಾಗ ಎಷ್ಟಿತ್ತೋ ಅಷ್ಟೇ ಎರಡೂ ಸ್ಪೀಕರಲ್ಲಿ ಬಂದ್ರೆ ನಡುವೆ ಬಂದಾಗ ಗಾಯಕರು ಹತ್ರಕ್ಕೆ ಹಾರಿ ಬಂದಂಗೆ ಜೋರಾಗತ್ತೆ. ಅರ್ಧರ್ಧ, ಅಂದ್ರೆ 6 ಡೆಸಿಬೆಲ್ ಇಳಿಸಿದ್ರೆ ನಡುವೆ ಬಂದಾಗ ಹಿಂದೆ ಸರಿದಂಗೆ. ಕೋಣೇಲಿ ಎರಡು ಸ್ಪೀಕರಿನ ಶಕ್ತಿ ಕೂಡ್ಕೊಳ್ಳೋದು, ಹಂಗಾಗಿ ಪ್ರತಿ ಕಡೆ 3 ಡೆಸಿಬೆಲ್ ಇಳಿದ್ರೆ ಒಟ್ಟು ಒಂದೇ ಸಮ. ನಮ್ಮ ಬೆಲೆಗಳಲ್ಲಿ ಲೆಕ್ಕ ಹಾಕಿ: ನಡುವಲ್ಲಿ 5ಕೆ ಮತ್ತೆ 22ಕೆ ಪ್ಯಾರಲಲ್ 4.07ಕೆ, ಮೇಲೆ 10ಕೆ, ಸಿಗೋದು 0.289. ಪೂರ್ತಿ ಒಂದು ಕಡೆ 10ಕೆ ಮತ್ತೆ 22ಕೆ ಪ್ಯಾರಲಲ್ 6.875ಕೆ, ಸಿಗೋದು 0.407. ಎರಡರ ವ್ಯತ್ಯಾಸ 2.97 ಡೆಸಿಬೆಲ್. 22ಕೆ ಆಚೆ ತುದಿ ಸೊನ್ನೆ ವೋಲ್ಟಲ್ಲಿ ನಿಂತಿರೋದರಿಂದಲೇ ಅದನ್ನ ಗ್ರೌಂಡಿಗೆ ಹಾಕಿದಂಗೆ ಅಂದ್ಕೊಂಡು ಈ ಲೆಕ್ಕ ಮಾಡೋಕೆ ಆಗಿದ್ದು. ಸಿಕ್ಕ ಸಿಕ್ಕ ಬೆಲೆ ಹಾಕಿದ್ರೆ ಇದು ಕೆಡತ್ತೆ, 10ಕೆ ಜಾಗದಲ್ಲಿ 4.7ಕೆ ಹಾಕಿದ್ರೆ ನಡುವಿನ ಇಳಿತ ಬರೀ 2 ಡೆಸಿಬೆಲ್ ಹತ್ರ ಆಗತ್ತೆ.

ಮೊಬೈಲು ಲ್ಯಾಪ್‌ಟಾಪಿಗೆ ಇರೋ ಸ್ಟೀರಿಯೋ ಚಾನೆಲ್ಲಿಗೆ ಪ್ಯಾನ್ ಬೇಡ. ಎರಡು ಬಫರು, ಡಬಲ್ ಪಾಟು (ಒಂದೇ ತಿರುಗಣೆಗೆ ಎರಡು ಪಾಟ್), ಅಷ್ಟೆ. ಡಬಲ್ ಪಾಟಲ್ಲಿ ಎರಡು ಟ್ರ್ಯಾಕ್ ಒಂದೇ ಥರ ನಡೆಯಲ್ಲ, ವಾಲ್ಯೂಮ್ ತುಂಬಾ ಕಮ್ಮಿ ಇಟ್ಟಾಗ ಒಂದು ಕಡೆ ವಾಲಿದಂಗೆ ಕೇಳಿದ್ರೆ ಸರ್ಕ್ಯೂಟ್ ಬಿಚ್ಬೇಡಿ.

ಹಂತ 5: ಕೆರೆ ಕಟ್ಟೋದು

ಒಂದು 5532, ಅರ್ಧ ಎಡಕ್ಕೆ ಅರ್ಧ ಬಲಕ್ಕೆ. ಪ್ಲಸ್ ಕಾಲು ಗ್ರೌಂಡ್. ಪ್ಯಾನಲ್ಲಿ 0.289ಕ್ಕೆ ಇಳಿದಿದ್ದನ್ನ ವಾಪಸ್ ತರ್ಬೇಕು, 22ಕೆ ಭಾಗಿಸು 0.289 ಅಂದ್ರೆ 76ಕೆ, ಸಿಗೋದು 75ಕೆ, ಅದೇ ಫೀಡ್‌ಬ್ಯಾಕ್. ಸ್ಟೀರಿಯೋ ಚಾನೆಲ್ಲು ಪ್ಯಾನ್ ದಾಟಿಲ್ಲ, ಏನೂ ಕಳ್ಕೊಂಡಿಲ್ಲ, ಅದನ್ನ ಸೇರಿಸೋ ರೆಸಿಸ್ಟರೂ 75ಕೆ ಇರ್ಲಿ, ಗೇನ್ ಒಂದು. ಫೀಡ್‌ಬ್ಯಾಕ್ ಮೇಲೆ 22 ಪಿಕೋಫ್ಯಾರಡ್ ಹಾಕೋದು ಮರೀಬೇಡಿ, ನಾಲ್ಕು ಚಾನೆಲ್ಲಿಂದ ಬರೋ ಉದ್ದ ವೈರಿನ ಕೆಪಾಸಿಟೆನ್ಸ್ ಮೈನಸ್ ಕಾಲಿಗೆ ಸೇರಿ ಐಸಿ ಕಿವಿಗೆ ಕೇಳದ ಫ್ರೀಕ್ವೆನ್ಸೀಲಿ ಕುಣಿಯೋಕೆ ಶುರು ಮಾಡ್ಬೋದು, ಕೈಗೆ ಬಿಸಿ ತಾಗತ್ತೆ ಆದ್ರೆ ಏನೂ ಕೇಳ್ಸಲ್ಲ.

ಇಲ್ಲಿ ಒಂದು ಬೆಲೆ ತೆರ್ಬೇಕು. ಪ್ರತಿ ಸಿಗ್ನಲ್ಲಿಗೆ ಗೇನ್ ಒಂದೇ ಆದ್ರೂ ಐಸಿಯ ಸ್ವಂತ ಸದ್ದಿಗೆ ಹಂಗಲ್ಲ, ಅದಕ್ಕೆ ಎಲ್ಲಾ ಚಾನೆಲ್ಲಿನ ರೆಸಿಸ್ಟರುಗಳು ಪ್ಯಾರಲಲ್ಲಾಗಿ ಕಾಣ್ತವೆ. ನಮ್ಮ ನಾಲ್ಕು ಮೋನೋ ಒಂದು ಸ್ಟೀರಿಯೋ ಸೇರಿದ್ರೆ ಸುಮಾರು 5.8ಕೆ, ಆಗ ಸದ್ದಿನ ಗೇನ್ 14 ಪಟ್ಟು. ಇನ್ನೊಂದು ಮೋನೋ ಚಾನೆಲ್ ಸೇರಿಸಿದ್ರೆ ಅದಕ್ಕೆ ಇನ್ನೂ ಮೂರು ಕೂಡಿ 17 ಹತ್ರ ಆಗತ್ತೆ, ಆ ಚಾನೆಲ್ಲಿಗೆ ಏನೂ ಚುಚ್ಚದಿದ್ರೂ. ಎಂಟು ಮೋನೋ ಆದ್ರೆ 25 ದಾಟತ್ತೆ. ದೊಡ್ಡ ಮಿಕ್ಸರ್ ಬೇಕು ಅಂತ ಸುಮ್ನೆ ಹದಿನಾರು ಚಾನೆಲ್ ಎಳೆಯೋರಿಗೆ ಸ್ಪೀಕರಲ್ಲಿ ಮಳೆ ಬರೋ ಸದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಹಂತ 6: ಮಾಸ್ಟರ್ ಮತ್ತೆ ಔಟ್‌ಪುಟ್

ಕೆರೆಯಿಂದ 10 ಮೈಕ್ರೋಫ್ಯಾರಡ್, ಡಬಲ್ 10ಕೆ ಲಾಗ್ ಪಾಟ್, ಅಲ್ಲಿಂದ 47ಕೆ ಮೂಲಕ ಕೊನೇ ಆಪ್‌ಆಂಪಿನ ಮೈನಸ್ಸಿಗೆ, ಫೀಡ್‌ಬ್ಯಾಕೂ 47ಕೆ. ಕೆರೆ ಒಂದು ಸಲ ಉಲ್ಟಾ ಮಾಡಿತ್ತು, ಇದು ಇನ್ನೊಂದು ಸಲ ಉಲ್ಟಾ ಮಾಡಿ ನೆಟ್ಟಗೆ ನಿಲ್ಲಿಸತ್ತೆ. ಔಟ್‌ಪುಟ್ಟಿಗೆ 100 ಓಮ್ ಸಾಲಲ್ಲಿ ಬೇಕೇ ಬೇಕು, ಉದ್ದ ಕೇಬಲ್ ಒಂದು ಕೆಪಾಸಿಟರ್ ಇದ್ದಂಗೆ, ಅದನ್ನ ನೇರ ಹೊರೋಕೆ ಐಸಿ ಒದ್ದಾಡತ್ತೆ. ಆಮೇಲೆ 47 ಮೈಕ್ರೋಫ್ಯಾರಡ್, ಜ್ಯಾಕ್ ಹತ್ರ 47ಕೆ ಗ್ರೌಂಡಿಗೆ, ಇಲ್ದಿದ್ರೆ ಕೇಬಲ್ ಚುಚ್ಚಿದಾಗ ಢಬ್ ಅನ್ನತ್ತೆ.

ಪ್ಲಸ್ ಮೈನಸ್ 12ರಲ್ಲಿ 5532 ಸುಮಾರು 10 ವೋಲ್ಟ್ ಪೀಕ್ ವರೆಗೂ ಒಡೆಯದೆ ಹೋಗತ್ತೆ, ನಮ್ಮ 300 ಮಿಲಿವೋಲ್ಟ್ ಲೈನ್ ಸಿಗ್ನಲ್ಲಿಗಿಂತ 27 ಡೆಸಿಬೆಲ್ ಮೇಲೆ. ಜಾಗ ಬೇಕಾದಷ್ಟಿದೆ.

ವೈರಿಂಗು

ಪ್ರತಿ ಐಸಿಯ 8 ಮತ್ತು 4ನೇ ಕಾಲಿಗೆ ಅಂಟಿದಂಗೆ 104 ಸೆರಾಮಿಕ್ ಗ್ರೌಂಡಿಗೆ. ಗ್ರೌಂಡ್ ವೈರುಗಳನ್ನ ಒಂದರಿಂದ ಒಂದಕ್ಕೆ ಸರಪಳಿ ಮಾಡ್ಬೇಡಿ, ಎಲ್ಲಾ ಚಾನೆಲ್ಲಿಂದಲೂ ಬೇರೆ ಬೇರೆ ವೈರು ಪವರ್ ಸಪ್ಲೈಯ ಒಂದೇ ಜಾಗಕ್ಕೆ ಬರ್ಲಿ. ಕೆರೆಯ ಐಸಿ ಪ್ಲಸ್ ಕಾಲಿನ ಗ್ರೌಂಡ್ ಕೂಡ ಅಲ್ಲಿಂದಲೇ, ಯಾಕಂದ್ರೆ ಆ ಗ್ರೌಂಡ್ ಅಲುಗಾಡಿದ್ರೆ ಅದನ್ನೂ 14 ಪಟ್ಟು ಮಾಡಿ ಸ್ಪೀಕರಿಗೆ ಕಳ್ಸತ್ತೆ. ಟ್ರಾನ್ಸ್‌ಫಾರ್ಮರ್ ಒಂದು ಮೂಲೆ, ಮೈಕ್ ಚಾನೆಲ್ ಎದುರು ಮೂಲೆ.

ಪರೀಕ್ಷೆ

ಐಸಿ ಹಾಕೋ ಮುಂಚೆ ಸಾಕೆಟ್ಟಿನ 8ರಲ್ಲಿ ಪ್ಲಸ್ಸು 4ರಲ್ಲಿ ಮೈನಸ್ಸು ಇದೆಯಾ ನೋಡಿ. ಹಾಕಿದ್ಮೇಲೆ 1 ಮತ್ತು 7ರಲ್ಲಿ ಡಿಸಿ ಅಳೀರಿ, 50 ಮಿಲಿವೋಲ್ಟ್ ಒಳಗೆ ಇದ್ರೆ ಆರೋಗ್ಯ, 10 ವೋಲ್ಟ್ ತೋರಿಸಿದ್ರೆ ಎಲ್ಲೋ ಫೀಡ್‌ಬ್ಯಾಕ್ ಬಿಟ್ಟಿದೆ ಅಥವಾ ಆ 47ಕೆ ಇಲ್ಲ.

ಆಮೇಲೆ ಮೊಬೈಲಲ್ಲಿ ಟೋನ್ ಜನರೇಟರ್ ಆಪ್ ಹಾಕಿ 200 ಹರ್ಟ್ಜ್ ಕೊಡಿ. 1000 ಬೇಡ, ಅಗ್ಗದ ಮಲ್ಟಿಮೀಟರ್‌ಗಳ ಎಸಿ ರೇಂಜ್ ಕೆಲವು ನೂರು ಹರ್ಟ್ಜ್ ವರೆಗೆ ಮಾತ್ರ ನಂಬಿಕಸ್ಥ. ಜ್ಯಾಕಿಂದ ಶುರು ಮಾಡಿ ಒಂದೊಂದು ಹಂತದಲ್ಲೂ ಎಷ್ಟಿದೆ ಬರ್ಕೊಳ್ತಾ ಹೋಗಿ. ಬಫರಲ್ಲಿ ಅಷ್ಟೇ, ಎರಡನೇದರಲ್ಲಿ ಎರಡು ಪಟ್ಟು, ಪ್ಯಾನ್ ತುದೀಲಿ ಅದರ 0.29, ಆಮೇಲೆ ಕೆರೆಯ ಐಸಿಯ 2ನೇ ಕಾಲಲ್ಲಿ ಮೀಟರ್ ಇಟ್ರೆ ಸೊನ್ನೆ. ಇಲ್ಲೇ ಎಷ್ಟೋ ಜನ ಸಿಗ್ನಲ್ ಸತ್ತೋಯ್ತು ಅಂತ ಪ್ಯಾನ್ ರೆಸಿಸ್ಟರ್ ಎಲ್ಲಾ ಬಿಚ್ಚಿ ಮತ್ತೆ ಬೆಸುಗೆ ಹಾಕೋದು. ಸೊನ್ನೆ ಇರೋದೇ ಸರಿ, ಮಟ್ಟ ಏರದ ಕೆರೆ ಅದು, ಪಕ್ಕದ 1ನೇ ಕಾಲಿಗೆ ಬನ್ನಿ ಹಾಡು ಅಲ್ಲಿದೆ. 2ನೇ ಕಾಲಲ್ಲಿ ಏನಾದ್ರೂ ಕಾಣಿಸಿದ್ರೇ ತೊಂದ್ರೆ, ಐಸಿ ಸತ್ತಿದೆ ಅಥವಾ ಔಟ್‌ಪುಟ್ ಸಪ್ಲೈ ತುದಿ ಮುಟ್ಟಿ ಸೋತಿದೆ.

ಎಲ್ಲಾ ಸರಿ ಇದ್ದು ಲ್ಯಾಪ್‌ಟಾಪ್ ಚುಚ್ಚಿದಾಗ ಮಾತ್ರ ಗುಂಯ್ ಅಂದ್ರೆ ಚಾರ್ಜರ್ ಕಿತ್ತು ನೋಡಿ. ನಿಂತ್ರೆ ನಿಮ್ಮ ಮಿಕ್ಸರ್ ತಪ್ಪಲ್ಲ, ಚಾರ್ಜರಿನ ಅರ್ತ್ ಒಂದು ದಾರಿ, ಆಂಪ್ಲಿಫೈಯರಿನ ಅರ್ತ್ ಇನ್ನೊಂದು ದಾರಿ, ಎರಡೂ ಸೇರಿ ಸುತ್ತು ಆಗಿದೆ. ಮೂರನೇ ಪಿನ್ ಮುರಿಯೋ ಬುದ್ಧಿ ಮಾತ್ರ ಬೇಡ. ಆ ಒಂದು ಸ್ಟೀರಿಯೋ ಚಾನೆಲ್ ಮುಂದೆ 600 ಓಮ್ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಎರಡು ಹಾಕಿ, ಅಥವಾ ಮಂಗಳಾರತಿ ಮುಗಿಯೋ ತನಕ ಲ್ಯಾಪ್‌ಟಾಪನ್ನ ಬ್ಯಾಟರೀಲೇ ಓಡ್ಸಿ.